ಪರಮಪ್ರಸಾದದ ಮೆರವಣಿಗೆ, ಸಾಂತ್ ಮಾರಿ, ತೆನೆ ಹಬ್ಬ: ಭಕ್ತರ ಸಾಲಿನಲ್ಲಿದ್ದೇ ಫೋಟೋ ತೆಗೆಯುವುದು ಹೇಗೆ?

ಹೊಸ ಲೆನ್ಸ್

ಎಲ್ಲರಿಗೂ ನಮಸ್ಕಾರ. ನಮ್ಮ ಇಗರ್ಜಿಯ (ಚರ್ಚಿನ) ಮಾಧ್ಯಮ ತಂಡದಲ್ಲಿ ಈ ವರ್ಷದಿಂದ ಫೋಟೋದ ಹೊಣೆ ನನ್ನದು. ಜನವರಿ ಆರಂಭದ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯಿಂದ ರೊಸಾರಿಯೊ ಕೆಥೆಡ್ರಲ್‌ಗೆ ಹೋಗುವ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಮೆರವಣಿಗೆ, ಆಮೇಲೆ ಬಿಕರ್ನಕಟ್ಟೆಯ ಬಾಲಯೇಸುವಿನ ಹಬ್ಬ, ತಿಂಗಳ ಕೊನೆಗೆ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ವಾರ್ಷಿಕ ಹಬ್ಬ, ಅಂದರೆ ಸಾಂತ್ ಮಾರಿ. ಕ್ಯಾಮೆರಾ ಕೈಯಲ್ಲಿದ್ದರೂ ನಾನು ಪ್ರಾರ್ಥನೆಗೆ ಬಂದವನು, ಅದು ಬಿಟ್ಟುಹೋಗಬಾರದು. ಎಲ್ಲಿ ನಿಲ್ಲಬೇಕು, ಯಾವಾಗ ತೆಗೆಯಬಾರದು, ಸಂಜೆ ಬೆಳಕಿಗೆ ಸೆಟ್ಟಿಂಗ್ ಎಂತ ಇಡಬೇಕು? ಒಂದು ಕ್ಯಾಮೆರಾ ಬಾಡಿ, ಎರಡು ಲೆನ್ಸ್ (24-70 ಎಫ್ 2.8, 50 ಎಫ್ 1.8) ಉಂಟು.

ಇಗರ್ಜಿ ಗಂಟೆ

ಸೆಟ್ಟಿಂಗಿಗಿಂತ ಮೊದಲು ಒಂದು ವಿಷಯ ತಿಳಿದಿರಲಿ. ಪುರ್ಶಾಂವ್ (ಮೆರವಣಿಗೆ) ಎಂದರೆ ಎಲ್ಲವೂ ಒಂದೇ ಅಲ್ಲ. ಸಂತರ ಪ್ರತಿಮೆಯ ಮೆರವಣಿಗೆ ಬೇರೆ, ಪರಮಪ್ರಸಾದದ ಮೆರವಣಿಗೆ ಬೇರೆ. ಪ್ರತಿಮೆಯ ಮುಂದೆ ನಿಂತು ಜನ ಹೂ ಹಾಕುತ್ತಾರೆ, ಮುಟ್ಟಿ ನಮಸ್ಕರಿಸುತ್ತಾರೆ, ಮಗುವನ್ನು ಎತ್ತಿ ತೋರಿಸುತ್ತಾರೆ. ಅಲ್ಲಿ ನೀವು ನಾಲ್ಕು ಹೆಜ್ಜೆ ಆಚೆ ಈಚೆ ಹೋದರೆ ಯಾರೂ ಬೇಸರಿಸುವುದಿಲ್ಲ. ಪರಮಪ್ರಸಾದದಲ್ಲಿ ಕ್ರಿಸ್ತರೇ ಇದ್ದಾರೆ ಎಂಬುದು ನಮ್ಮ ವಿಶ್ವಾಸ. ಹಾಗಾಗಿ ಅದು ಹಾದುಹೋಗುವಾಗ ರಸ್ತೆಬದಿಯವರು ಮೊಣಕಾಲೂರುತ್ತಾರೆ. ಜನರೆಲ್ಲ ಮೊಣಕಾಲೂರಿರುವಾಗ ಒಬ್ಬ ಫೋಟೋಗ್ರಾಫರ್ ಮಾತ್ರ ಎದ್ದು ನಿಂತರೆ, ಅವನ ಹಿಂದಿನವರಿಗೆ ಕಾಣುವುದು ಅವನ ಬೆನ್ನು.

ಸಾಮಾನ್ಯ ಕ್ರಮ ಹೀಗೆ. ಮೊದಲು ಶಿಲುಬೆ, ಅದರ ಎರಡು ಬದಿಗೆ ಮೊಂಬತ್ತಿ ಹಿಡಿದವರು. ಆಮೇಲೆ ಬ್ಯಾಂಡು, ಮಕ್ಕಳು, ಇಗರ್ಜಿವಾರು ಅಥವಾ ವಾಳೆವಾರು (ವಾರ್ಡುವಾರು) ಭಕ್ತರು, ಧರ್ಮಭಗಿನಿಯರು, ವೇದಿಸೇವಕರು, ಧರ್ಮಗುರುಗಳು. ಪರಮಪ್ರಸಾದದ ತೀರಾ ಮುಂದೆ ಹೂ ಚೆಲ್ಲುವ ಮಕ್ಕಳು ಮತ್ತು ಧೂಪ ಬೀಸುವವರು. ನಂತರ ನಾಲ್ಕು ಅಥವಾ ಆರು ಕೋಲಿನ ಮೇಲೆ ಹಿಡಿದ ಮೇಲ್ಕಟ್ಟು, ಅದರಡಿಯಲ್ಲಿ ಪರಮಪ್ರಸಾದ ಇಟ್ಟ ಚಿನ್ನದ ಬಣ್ಣದ ಪಾತ್ರೆ, ಅಂದರೆ ಮಾನ್‌ಸ್ಟ್ರೆನ್ಸ್ ಹಿಡಿದ ಬಿಷಪರು ಅಥವಾ ಗುರುಗಳು. ದೂರದ ದಾರಿಯಿದ್ದರೆ ಅಲಂಕರಿಸಿದ ವಾಹನವೂ ಇರುತ್ತದೆ. ಊರಿಂದ ಊರಿಗೆ ಸ್ವಲ್ಪ ಬದಲಾಗಬಹುದು, ಹಿಂದಿನ ದಿನವೇ ಪಾಲನಾ ಮಂಡಳಿಯವರ ಹತ್ತಿರ ಕೇಳಿಕೊಳ್ಳಿ.

ಧೂಪ ಬೀಸುವವರಿಗೂ ಮಾನ್‌ಸ್ಟ್ರೆನ್ಸಿಗೂ ನಡುವಿನ ಜಾಗಕ್ಕೆ ಯಾವ ಕಾರಣಕ್ಕೂ ಕಾಲಿಡಬೇಡಿ. ಅತಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ಒಳ್ಳೆಯ ಚಿತ್ರ ಸಿಗುವ ಜಾಗ ಅಂತ ನುಗ್ಗುತ್ತಾರೆ, ಹಿಂದೆ ಹಿಂದೆ ನಡೆಯುತ್ತಾ ಹೂವಿನ ತಟ್ಟೆಯ ಮಗುವಿಗೆ ಡಿಕ್ಕಿ ಹೊಡೆಯುತ್ತಾರೆ. ಧೂಪದ ಪಾತ್ರೆಯಲ್ಲಿ ಉರಿಯುವ ಕೆಂಡ ಇರುತ್ತದೆ, ಸರಪಳಿ ಬೀಸುವ ಹುಡುಗನಿಗೆ ಹಿಂದೆ ಯಾರಿದ್ದಾರೆ ಎಂದು ಕಾಣುವುದಿಲ್ಲ.

ಸಂಘಟಕರು ಬಿಳಿ ಹಗ್ಗದ ಸಾಲು ಇಟ್ಟಿದ್ದರೆ ಅದರ ಹೊರಗೆ ನಿಲ್ಲಿ. ತಿರುವುಗಳೇ ನಿಮ್ಮ ಜಾಗ. ತಿರುವಿನ ಹೊರಅಂಚಿನಲ್ಲಿ ಮೊದಲೇ ಹೋಗಿ ಮೊಣಕಾಲೂರಿ ಕುಳಿತರೆ ಮೆರವಣಿಗೆ ತಾನಾಗಿ ನಿಮ್ಮ ಕಡೆ ಮುಖ ಮಾಡಿ ಬರುತ್ತದೆ, ಉದ್ದ ಸಾಲೂ ಹಿಂದೆ ಸಿಗುತ್ತದೆ. ಎರಡು ಮೂರು ಚಿತ್ರ ತೆಗೆದು ಕ್ಯಾಮೆರಾ ಇಳಿಸಿ ತಲೆಬಾಗಿ. ಹಾದುಹೋದ ಮೇಲೆ ಎದ್ದು ಸಾಲಿನ ಹಿಂಬದಿ ಸೇರಿಕೊಳ್ಳಿ. ಮುಂದಿನ ತಿರುವಿಗೆ ಓಡಬೇಡಿ. ಇಡೀ ದಾರಿಯಲ್ಲಿ ಮೂರು ಜಾಗ ಆಯ್ಕೆ ಮಾಡಿಕೊಂಡರೆ ಸಾಕು. ಅವುಗಳ ನಡುವಿನ ದಾರಿಯಲ್ಲಿ ನೀವು ಜಪಸರ ಹಿಡಿದ ಭಕ್ತ.

ಇದು ನಮ್ಮ ಊರಿನ ಮಡಿವಂತಿಕೆ ಅಂತ ತಿಳಿಯಬೇಡಿ. 1967ರ ಮೇ 25ರಂದು ರೋಮಿನಿಂದ ಬಂದ ಪರಮಪ್ರಸಾದದ ಕುರಿತ ಸೂಚನಾಪತ್ರದ 23ನೇ ಕಂಡಿಕೆಯಲ್ಲಿ ಫೋಟೋ ವಿಷಯವೇ ಉಂಟು. ಬಲಿಪೂಜೆಗೆ (ಮಾಸ್) ಅಡಚಣೆ ಆಗಬಾರದು, ಸಕಾರಣ ಇದ್ದಾಗ ಸಂಯಮದಿಂದ, ಸ್ಥಳೀಯ ಧರ್ಮಾಧ್ಯಕ್ಷರ ನಿಯಮದಂತೆ ತೆಗೆಯಬೇಕು ಎಂದು.

ಕಲ್ಯಾಣಪುರದವ

ಇಗರ್ಜಿ ಗಂಟೆ ಅವರು ಜಾಗ ಹೇಳಿದರು, ನಾನು ಬೆಳಕು ಹೇಳುತ್ತೇನೆ.

ಜನವರಿ ಆರಂಭದಲ್ಲಿ ಮಂಗಳೂರಲ್ಲಿ ಸೂರ್ಯ ಮುಳುಗುವುದು ಸುಮಾರು 6:15ಕ್ಕೆ, ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಸರಿದು. ಹಂಪನಕಟ್ಟೆಯಿಂದ ರೊಸಾರಿಯೊ ಕಡೆಗೆ ಹೋಗುವ ದಾರಿ ಒಟ್ಟಾರೆ ದಕ್ಷಿಣ–ನೈಋತ್ಯಕ್ಕೆ. ಅಂದರೆ ಸಂಜೆ ನಡೆಯುವವರ ಮುಖಕ್ಕೆ ಬಲಗಡೆಯಿಂದ ನೇರ ಬಿಸಿಲು. ಮುಂದೆ ನಿಂತು ತೆಗೆದರೆ ಬೆಳಕು ಚೆನ್ನಾಗಿರುತ್ತದೆ, ಆದರೆ ಜನ ಕಣ್ಣು ಕಿರಿದು ಮಾಡಿರುತ್ತಾರೆ. ಕಟ್ಟಡದ ನೆರಳು ಬೀಳುವ ತುಂಡನ್ನು ಹುಡುಕಿ, ನೆರಳಿನ ಅಂಚಿನಿಂದ ಎರಡು ಮೂರು ಮೀಟರ್ ಒಳಗೆ ಬಂದವರನ್ನು ತೆಗೆಯಿರಿ. ಅರ್ಧ ಮುಖ ಬಿಸಿಲು, ಅರ್ಧ ನೆರಳು ಆಗುವ ಜಾಗ ಬೇಡ.

ಶಟರ್ ವೇಗ ನಡೆಯುವವರಿಗೆ 1/250 ಸೆಕೆಂಡು, ಡ್ರಮ್ ಬಾರಿಸುವವರ ಕೈಗೆ 1/500. ಬೆಳಕು ಇಳಿದ ಮೇಲೆ 1/125ಕ್ಕೆ ಬನ್ನಿ, ಎಫ್ 2.8, ಐಎಸ್‌ಒ 3200ರಿಂದ 6400. ಶಟರ್ ಇನ್ನೂ ಇಳಿಸಿದರೆ ಮೇಲ್ಕಟ್ಟು ಹಿಡಿದವರ ಕಾಲು ಮಸುಕಾಗುತ್ತದೆ, ಅದನ್ನು ಆಮೇಲೆ ಸರಿಮಾಡಲಾಗದು. ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳು (ನಾಯ್ಸ್) ಸರಿಮಾಡಬಹುದು.

ಕಷ್ಟದ್ದು ಮಾನ್‌ಸ್ಟ್ರೆನ್ಸ್. ಸುತ್ತ ಹೊಳೆಯುವ ಚಿನ್ನದ ಬಣ್ಣ, ನಡುವೆ ಗಾಜು, ಅದರೊಳಗೆ ಬಿಳಿ ಪರಮಪ್ರಸಾದ, ಹಿಂದೆ ಬಿಳಿ ಉಡುಪು. ಕ್ಯಾಮೆರಾ ತಾನೇ ಅಳೆದರೆ ಹೆಚ್ಚಿನ ಸಲ ಹಿಂದಿನ ಕತ್ತಲನ್ನು ನೋಡಿ ಬೆಳಕು ಏರಿಸುತ್ತದೆ, ನಡುವಿನ ಬಿಳಿ ಹಾರಿಹೋಗಿ ಖಾಲಿ ವೃತ್ತ ಉಳಿಯುತ್ತದೆ. ಒಂದೇ ಬಿಂದುವಿನ ಬೆಳಕು ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಆ ಬಿಳಿಯನ್ನೇ ಅಳೆದು ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು), ರಾ ಫೈಲಿನಲ್ಲಿ ತೆಗೆಯಿರಿ. ಚಿನ್ನದ ಕಿರಣಗಳ ತುದಿಯಲ್ಲಿ ಒಂದೆರಡು ಚುಕ್ಕೆ ಹಾರಿದರೆ ಅಡ್ಡಿಯಿಲ್ಲ, ನಡುವಿನ ಬಿಳಿ ಹಾರಬಾರದು.

ಗಾಜಿನ ಪ್ರತಿಫಲನಕ್ಕೆ ಪೋಲರೈಸರ್ ಫಿಲ್ಟರ್ ಹಾಕಿದರೆ ಆಯ್ತು ಅಂತ ಕೆಲವರು ಹೇಳುತ್ತಾರೆ. ನೇರ ಎದುರಿಂದ ತೆಗೆಯುವಾಗ ಅದು ಏನೂ ಮಾಡುವುದಿಲ್ಲ, ಗಾಜಿಗೆ ಓರೆಯಾಗಿ, ಲಂಬದಿಂದ 55 ಡಿಗ್ರಿ ಹತ್ತಿರ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಲೋಹದ ಹೊಳಪಿಗೆ ಅದು ಉಪಯೋಗವೇ ಇಲ್ಲ. ಮೇಲಿಂದ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕನ್ನೂ ತಿನ್ನುತ್ತದೆ. ಅರ್ಧ ಹೆಜ್ಜೆ ಬದಿಗೆ ಸರಿಯುವುದೇ ಉತ್ತಮ.

ಮೂರು ಕಾಲು

ಇಷ್ಟೆಲ್ಲಾ ಕಷ್ಟ ಯಾಕೆ, ಕ್ಯಾಮೆರಾ ಮೇಲೆ ಸಣ್ಣ ಫ್ಲ್ಯಾಶ್ ಇಟ್ಟು ಕಡಿಮೆ ಪವರ್‌ನಲ್ಲಿ ಹೊಡೆದರೆ ಮುಖದ ನೆರಳು ಹೋಗುತ್ತದಲ್ವಾ? ಮತ್ತೆ ಒಂದು ಮಡಚುವ ಸ್ಟೂಲ್ ತಂದರೆ ಎತ್ತರದಿಂದ ಸಾಲು ಪೂರ್ತಿ ಸಿಗುತ್ತದೆ.

ಕಲ್ಯಾಣಪುರದವ

@ಮೂರು ಕಾಲು, ಬ್ಯಾಂಡಿನವರಿಗೆ, ಮಕ್ಕಳ ಸಾಲಿಗೆ ಹಗಲಲ್ಲಿ ಫ್ಲ್ಯಾಶ್ ಹಾಕುವುದಕ್ಕೆ ನನ್ನ ಆಕ್ಷೇಪ ಇಲ್ಲ ಮಾರಾಯ್ರೆ. ಮೇಲ್ಕಟ್ಟಿನ ಹತ್ತಿರ ಬೇಡ. ಮಾನ್‌ಸ್ಟ್ರೆನ್ಸ್ ಹಿಡಿದವರ ಎರಡೂ ಕೈ ಭುಜದ ಮೇಲಿನಿಂದ ಇಳಿದ ವಸ್ತ್ರದೊಳಗೆ ಸುತ್ತಿಕೊಂಡಿರುತ್ತದೆ. ಎಡವಿದರೆ ಆಧಾರಕ್ಕೆ ಕೈ ಇಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಎದುರಿಂದ ಫ್ಲ್ಯಾಶ್ ಬಿದ್ದರೆ ಮುಂದಿನ ಮೆಟ್ಟಿಲು ಕಾಣುವುದಿಲ್ಲ. ಚಿತ್ರದ ದೃಷ್ಟಿಯಿಂದಲೂ ನಷ್ಟವೇ: ಗಾಜಿನಲ್ಲಿ ಬಿಳಿ ಚುಕ್ಕೆ, ಧೂಪದ ಹೊಗೆ ಬೂದಿ ಪರದೆಯಂತೆ, ಮೊಂಬತ್ತಿಯ ಬಣ್ಣ ಪೂರ್ತಿ ಮಾಯ. ಹೊಗೆ ಚೆಂದ ಕಾಣುವುದು ಬೆಳಕು ಅದರ ಹಿಂದಿನಿಂದ ಬಂದಾಗ. ವಾಹನದ ದೀಪವೋ ಅಂಗಡಿಯ ದೀಪವೋ ಹೊಗೆಯ ಆಚೆ ಬದಿಗೆ ಬರುವಂತೆ ನಿಲ್ಲಿ.

ಆಟೋಫೋಕಸ್‌ಗೆ ಸಹಾಯ ಮಾಡುವ ಕೆಂಪು ಅಥವಾ ಹಸಿರು ದೀಪವನ್ನೂ, ಫೋಕಸ್ ಬೀಪನ್ನೂ ಮನೆಯಲ್ಲೇ ಆಫ್ ಮಾಡಿ ಬನ್ನಿ. ಆರಾಧನೆಯ ಮೌನದಲ್ಲಿ ಆ ಬೀಪ್ ಇಡೀ ಇಗರ್ಜಿಗೆ ಕೇಳಿಸುತ್ತದೆ.

ಇಗರ್ಜಿ ಗಂಟೆ

ಸ್ಟೂಲ್ ವಿಷಯಕ್ಕೆ ನಾನು ಹೇಳುತ್ತೇನೆ. ಪರಮಪ್ರಸಾದ ಹಾದುಹೋಗುವಾಗ ಅದಕ್ಕಿಂತ ಎತ್ತರದಲ್ಲಿ ಸ್ಟೂಲ್ ಹತ್ತಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ನೂಕುನುಗ್ಗಲಿನಲ್ಲಿ ಬೀಳುವ ಅಪಾಯವೂ ಉಂಟು. ಎತ್ತರದ ಚಿತ್ರ ಬೇಕಿದ್ದರೆ ಮೊದಲೇ ಕೇಳಿಕೊಂಡು ದಾರಿಯ ಒಂದು ಮನೆಯ ಅಥವಾ ಶಾಲೆಯ ಮೊದಲ ಮಾಳಿಗೆಗೆ ಹೋಗಿ. ಡ್ರೋನ್ ಅಂತೀರಾದರೆ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಆ ಜಾಗ ಯಾವ ವಲಯ ಅಂತ ನೋಡಬೇಕು, ಇಗರ್ಜಿಯ ಮತ್ತು ಪೊಲೀಸರ ಒಪ್ಪಿಗೆ ಬೇಕು. ಎಲ್ಲ ಸಿಕ್ಕಿದರೂ ಜನರ ತಲೆಯ ನೇರ ಮೇಲೆ ಹಾರಿಸಬಾರದು. ಜಪಸರದ ಸ್ವರವನ್ನು ಅದರ ಗುಂಯ್‌ಗುಡುವಿಕೆ ನುಂಗಿಹಾಕುತ್ತದೆ ಎಂಬುದೂ ಸಣ್ಣ ವಿಷಯವಲ್ಲ.

ಬೆಳ್ಮಣ್ ರಸ್ತೆ

ಅತ್ತೂರಿನ ಬಗ್ಗೆ ಬರೆಯುತ್ತೇನೆ. ಸಂತ ಲಾರೆನ್ಸರ ಹಬ್ಬ ಧರ್ಮಸಭೆಯ ಪಂಚಾಂಗದ ಪ್ರಕಾರ ಆಗಸ್ಟ್ 10. ಆದರೆ ಅತ್ತೂರು ಸಾಂತ್ ಮಾರಿ ನಡೆಯುವುದು ಜನವರಿ ಕೊನೆಗೆ, ಹಲವು ದಿನ. 2016ರಲ್ಲಿ ಅಲ್ಲಿಯ ಇಗರ್ಜಿ ಮೈನರ್ ಬೆಸಿಲಿಕಾ (ರೋಮಿನಿಂದ ವಿಶೇಷ ಮಾನ್ಯತೆ ಪಡೆದ ಇಗರ್ಜಿ) ಆಯಿತು. ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವ ಜಾಗ, ಹಾಗಾಗಿ ಪ್ರಾರ್ಥನೆಯ ರೀತಿಯೂ ಬೇರೆ ಬೇರೆ. ಮಲ್ಲಿಗೆ ಮುಡಿದು ಮೊಂಬತ್ತಿ ಹಚ್ಚಿ ಕೈಮುಗಿಯುವ ಹೆಂಗಸಿನ ಮುಖ ಅತ್ತೂರಿನ ನಿಜವಾದ ಚಿತ್ರ. ಆದರೆ ಹರಕೆ ಹೇಳಿಕೊಳ್ಳುವಾಗ ಹತ್ತಿರದಿಂದ ತೆಗೆಯಬೇಡಿ. ಮುಗಿಸಿ ತಿರುಗಿದ ಮೇಲೆ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಮೊಂಬತ್ತಿ ಹಚ್ಚುವ ಜಾಗದಲ್ಲಿ ನೂರಾರು ಜ್ವಾಲೆ ಒಟ್ಟಿಗೆ ಉರಿಯುವುದರಿಂದ ಶೆಕೆ ಮಾತ್ರವಲ್ಲ, ಗಾಳಿಯೇ ಕಂಪಿಸುತ್ತದೆ. ಆ ಬಿಸಿ ಗಾಳಿಯ ಮೂಲಕ ಆಚೆ ಇರುವವರ ಮುಖ ತೆಗೆದರೆ ಫೋಕಸ್ ಸರಿಯಿದ್ದರೂ ಚಿತ್ರ ಕಲಕಿದ ಹಾಗೆ ಬರುತ್ತದೆ. ಲೆನ್ಸ್ ಕೆಟ್ಟಿತು ಅಂತ ಹೆದರಬೇಡಿ. ಜ್ವಾಲೆಯ ಮೇಲಿಂದ ತೆಗೆಯದೆ ಬದಿಯಿಂದ, ಜ್ವಾಲೆಯ ಮಟ್ಟದಲ್ಲೇ ತೆಗೆಯಿರಿ.

ವೈಟ್ ಬ್ಯಾಲೆನ್ಸ್ (ಬಣ್ಣ ಸಮ ಮಾಡುವ ಸೆಟ್ಟಿಂಗ್) ಆಟೋ ಬಿಡಬೇಡಿ. ಮೊಂಬತ್ತಿ ಸುಮಾರು 1900 ಕೆಲ್ವಿನ್. ಅದನ್ನು ಪೂರ್ತಿ ಬಿಳಿ ಮಾಡಿದರೆ ಬೆಚ್ಚಗಿನ ಭಾವ ಸತ್ತುಹೋಗುತ್ತದೆ, ಹಿಂದಿನ ಎಲ್‌ಇಡಿ ಗಾಢ ನೀಲಿಯಾಗುತ್ತದೆ. 2800ರಿಂದ 3200ರ ನಡುವೆ ಇಟ್ಟರೆ ಮುಖ ಚಿನ್ನದ ಬಣ್ಣದಲ್ಲೇ ಉಳಿಯುತ್ತದೆ.

ಲಾರೆನ್ಸರು ರಕ್ತಸಾಕ್ಷಿ, ಆದ್ದರಿಂದ ಅವರ ಹಬ್ಬದ ಪೂಜೆಗೆ ಗುರುಗಳ ಉಡುಪು ಕೆಂಪು. ಹೊಸಬರ ಕೈಗೆ ಕೆಡುವುದು ಇಲ್ಲೇ. ಒಟ್ಟು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಿದ್ದ ಹಾಗೆ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಮಾತ್ರ ಬಲತುದಿಗೆ ಹೊಡೆದಿರುತ್ತದೆ, ಉಡುಪಿನ ಮಡಿಕೆಯೆಲ್ಲ ಹೋಗಿ ಬಟ್ಟೆ ಬಣ್ಣ ಬಳಿದ ರಟ್ಟಿನ ಹಾಗಾಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ಹಾಕಿಕೊಂಡು ಮೂರನೇ ಎರಡು ಸ್ಟಾಪ್ ಇಳಿಸಿ.

ಇಗರ್ಜಿಯ ಮುಖಮಂಟಪದ ಸೀರಿಯಲ್ ಲೈಟಿನ ಚಿತ್ರಕ್ಕೆ ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಜನವರಿ ಕೊನೆಗೆ ಸೂರ್ಯ ಮುಳುಗುವುದು 6:30ರ ಆಸುಪಾಸು, 6:45ರಿಂದ 6:55ರವರೆಗೆ ಆಕಾಶದ ನೀಲಿಯೂ ದೀಪವೂ ಸಮ ಇರುತ್ತವೆ. ಹತ್ತೇ ನಿಮಿಷ ಸಿಗುವುದು, ಮೊದಲೇ ಜಾಗ ಹಿಡಿಯಿರಿ.

ಪ್ರತಿಮೆ ತೆಗೆಯುವಾಗ ಸಂತರ ಗುರುತು ಕತ್ತರಿಸಬೇಡಿ. ಲಾರೆನ್ಸರ ಕೈಯಲ್ಲಿ ಕಬ್ಬಿಣದ ಜಾಲರಿ, ಸೆಬಾಸ್ಟಿಯನರ ಮೈಗೆ ಬಾಣ, ಅಂತೋನಿಯವರ ತೋಳಲ್ಲಿ ಬಾಲಯೇಸು. ಬಿಕರ್ನಕಟ್ಟೆಯ ಬಾಲಯೇಸುವಿನ ಎತ್ತಿದ ಬಲಗೈಯ ಬೆರಳುಗಳು, ಎಡಗೈಯ ಗೋಳ ಮತ್ತು ಅದರ ಮೇಲಿನ ಶಿಲುಬೆ. ಜನವರಿ 14ರ ಹಬ್ಬದ ಎಷ್ಟೋ ಚಿತ್ರಗಳಲ್ಲಿ ಬೆರಳ ತುದಿ ಚೌಕಟ್ಟಿನ ಹೊರಗೆ ಹೋಗಿರುತ್ತದೆ. ಹೆಗಲ ಮೇಲೆ ಹೊತ್ತ ಪ್ರತಿಮೆಯನ್ನು ಹತ್ತಿರದಿಂದ ತೆಗೆದರೆ ಗಲ್ಲದ ಅಡಿಭಾಗ ಮಾತ್ರ ಕಾಣುವುದು. ಆರೆಂಟು ಮೀಟರ್ ಹಿಂದೆ ಸರಿದು 70ರಲ್ಲಿ ತೆಗೆಯಿರಿ.

ಮೂರು ಕಾಲು

ಮೊಂಬತ್ತಿ ಜಾಗಕ್ಕೆ ಹೋಗುವಾಗ ಯುವಿ ಫಿಲ್ಟರ್ ಕಡ್ಡಾಯ ಹಾಕಿ. ಬಿಸಿ ಮೇಣ ಹಾರಿ ಲೆನ್ಸಿಗೆ ಬಿದ್ದರೆ ಕೋಟಿಂಗ್ ಹೋಯಿತು ಅಂತಲೇ ಲೆಕ್ಕ.

ಬೆಳ್ಮಣ್ ರಸ್ತೆ

ಇಲ್ಲ ಸರ್, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಕತ್ತಲಲ್ಲಿ ಪ್ರತಿ ಜ್ವಾಲೆಯ ಬೆಳಕೂ ಫಿಲ್ಟರಿನ ಚಪ್ಪಟೆ ಗಾಜಿಗೂ ಸೆನ್ಸರಿಗೂ ನಡುವೆ ಪುಟಿದು, ಚಿತ್ರದ ಎದುರು ಮೂಲೆಯಲ್ಲಿ ತಲೆಕೆಳಗಾದ ನಕಲಿ ಜ್ವಾಲೆಯಾಗಿ ಕಾಣುತ್ತದೆ. ಒಂದೆರಡಾದರೆ ಅಳಿಸಬಹುದು, ಐವತ್ತು ಜ್ವಾಲೆಗೆ ಐವತ್ತು ನಕಲಿ ಬಂದರೆ ಎಂತ ಮಾಡುವುದು? ಫಿಲ್ಟರ್ ತೆಗೆದು ಹುಡ್ ಹಾಕಿ. ಮೇಣ ಬಿದ್ದೇ ಬಿತ್ತು ಎಂದಾದರೆ ಬಿಸಿಯಿರುವಾಗ ಒರೆಸಬೇಡಿ, ಹರಡುತ್ತದೆ. ಪೂರ್ತಿ ಗಟ್ಟಿಯಾಗಲು ಬಿಡಿ. ಉಗುರಿನಿಂದ ಕೆರೆಯದೆ, ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಸವರಿದ ಹಾಗೆ ತಾಗಿಸಿದರೆ ಹೆಚ್ಚಿನಂಶ ಚಕ್ಕೆಯಾಗಿ ಏಳುತ್ತದೆ, ಬ್ಲೋವರಿನಿಂದ ಊದಿ. ಉಳಿದ ಜಿಡ್ಡಿಗೆ ಲೆನ್ಸ್ ಕ್ಲೀನರ್.

ಬಟ್ಟೆಗೆ ಬಿದ್ದ ಮೇಣಕ್ಕೆ ಮೇಲೆ ಕೆಳಗೆ ಬಿಳಿ ಕಾಗದ ಇಟ್ಟು ಇಸ್ತ್ರಿ ಒತ್ತಿ, ಕಾಗದ ಹೀರಿಕೊಳ್ಳುತ್ತದೆ.

ಕಲ್ಯಾಣಪುರದವ

ಸೀರಿಯಲ್ ಲೈಟಿಗೆ ಒಂದು ಸೇರ್ಪಡೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ 1/250 ಇಟ್ಟರೆ ಗುರುಗಳ ಬಿಳಿ ಉಡುಪಿನ ಮೇಲೆ ಅಡ್ಡ ಪಟ್ಟೆ ಬರುತ್ತದೆ. 1/100 ಅಥವಾ 1/50ರಲ್ಲಿ ಪಟ್ಟೆ ಹೋಗುತ್ತದೆ. ಜನ ನಡೆಯುತ್ತಿದ್ದು 1/250 ಬೇಕೇಬೇಕು ಎಂದಾದರೆ ಮೆಕ್ಯಾನಿಕಲ್ ಶಟರಿಗೆ ಬದಲಿಸಿ. ಹಾಗಾದರೆ ಇಗರ್ಜಿಯ ಒಳಗೆ ಸದ್ದಿಲ್ಲದ ಶಟರ್, ಹೊರಗೆ ಬ್ಯಾಂಡಿನ ನಡುವೆ ಮೆಕ್ಯಾನಿಕಲ್. ಜನರೇಟರಿನಲ್ಲಿ ಓಡುವ ಅಲಂಕಾರದ ವಾಹನದಲ್ಲಿ ಈ ಲೆಕ್ಕವೂ ತಪ್ಪಬಹುದು, ಅಲ್ಲಿ ಮೊದಲೇ ಒಂದು ತೆಗೆದು ದೊಡ್ಡದು ಮಾಡಿ ನೋಡಿಕೊಳ್ಳಿ.

ಮಲ್ಲಿಗೆ ಮೊಗ್ಗು

ಮೊಂತಿ ಫೆಸ್ತಿನ, ಅಂದರೆ ತೆನೆ ಹಬ್ಬದ ವಿಷಯ ಯಾರೂ ಎತ್ತಲಿಲ್ಲ. ಫೋಟೋ ತೆಗೆಯುವವರಿಗೆ ನಮ್ಮ ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ದಿನಾ ಮಕ್ಕಳು ಬಾಲೆ ಮರಿಯಮ್ಮನ ಪ್ರತಿಮೆಗೆ ಹೂ ಹಾಕುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದ ಶುರುಮಾಡಿದ್ದು ಎಂಬುದು ರೂಢಿಯ ಮಾತು. ಮೊಂತೆ ಎಂದರೆ ಗುಡ್ಡ, ಮೊಂತಿ ಎಂಬ ಹೆಸರು ಬಂದದ್ದೂ ಆ ಇಗರ್ಜಿಯ ಗುಡ್ಡದಿಂದಲೇ.

ಹೊಸ ಲೆನ್ಸ್ ಅವರೇ, ನೊವೆನಾದ ಮೊದಲ ಎರಡು ಮೂರು ದಿನವೇ ಹೋಗಿ. ಜನ ಕಡಿಮೆ. ಮಕ್ಕಳು ಗೀತೆಯ ಯಾವ ಸಾಲಿಗೆ ಹೂ ಎಸೆಯುತ್ತಾರೆ ಎಂಬುದು ನಿಮ್ಮ ಕಿವಿಗೆ ಕೂತುಬಿಟ್ಟರೆ ಎಂಟನೇ ತಾರೀಕಿಗೆ ಕಾಯಬೇಕಾಗಿಲ್ಲ. ಎದುರು ಸಾಲಿನ ಸಣ್ಣ ಮಕ್ಕಳು ಸಾಲು ಶುರುವಾಗುವ ಮೊದಲೇ ಎಸೆದುಬಿಡುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಳಿಯಲ್ಲಿರುವ ಹೂವಿಗೆ 1/800 ಬೇಕು. ಮಗುವಿನ ಕಣ್ಣಿನ ಎತ್ತರಕ್ಕೆ ಕುಳಿತುಕೊಳ್ಳಿ. ಪ್ರತಿಮೆ ತುಂಬಾ ಸಣ್ಣದು, ನಿಂತು ತೆಗೆದರೆ ತಟ್ಟೆ ಮತ್ತು ತಲೆಗೂದಲು ಮಾತ್ರ ಬರುವುದು.

ಹಬ್ಬದ ದಿನ ಕ್ರಮ ಹೀಗೆ: ಹೊರಗೆ ಗ್ರೊಟ್ಟೊ (ಮಾತೆಯ ಗುಹೆಯಾಕಾರದ ಗುಡಿ) ಅಥವಾ ಶಿಲುಬೆಯ ಹತ್ತಿರ ಹೊಸ ಭತ್ತದ ತೆನೆಯ ಆಶೀರ್ವಾದ, ಅಲ್ಲಿಂದ ಬಾಲೆ ಮರಿಯಮ್ಮನ ಪ್ರತಿಮೆ ಮತ್ತು ತೆನೆಯೊಂದಿಗೆ ಮೆರವಣಿಗೆಯಲ್ಲಿ ಇಗರ್ಜಿಯೊಳಗೆ, ಬಲಿಪೂಜೆ, ಕೊನೆಗೆ ಕುಟುಂಬಕ್ಕೊಂದರಂತೆ ತೆನೆ, ಮಕ್ಕಳಿಗೆ ಕಬ್ಬು. ಗುರುಗಳು ಪವಿತ್ರಜಲ ಚಿಮುಕಿಸುವಾಗ ನೀವು ತೆನೆಯ ಹಿಂಬದಿಯಲ್ಲಿದ್ದರೆ ಹನಿಗಳು ಬೆಳಕಿಗೆ ಕಾಣುತ್ತವೆ, ಎದುರಿನಲ್ಲಿದ್ದರೆ ಲೆನ್ಸಿಗೆ ಬೀಳುತ್ತವೆ. ಆಶೀರ್ವದಿಸಿದ ತೆನೆ ಪವಿತ್ರ. ಚಿತ್ರಕ್ಕಾಗಿ ನೆಲದ ಮೇಲೆ ಇಡಿಸುವುದು, ಮಕ್ಕಳ ಕೈಯಲ್ಲಿ ಬೀಸಿಸುವುದು ಬೇಡ.

ಸೆಪ್ಟೆಂಬರಿನಲ್ಲಿ ಮಳೆ ಬರುತ್ತದೆ, ಕೊಡೆ ಬಿಚ್ಚುತ್ತಾರೆ. ಕೆಂಪು ಕೊಡೆಯ ಅಡಿಯ ಮುಖ ಕೆಂಪಗೆ, ನೀಲಿಯದ್ದು ನೀಲಿ. ಯಾವ ಎಡಿಟಿಂಗೂ ಇದನ್ನು ಸಲೀಸಾಗಿ ಸರಿಮಾಡುವುದಿಲ್ಲ. ಕಪ್ಪು ಕೊಡೆಯವರ ಹತ್ತಿರ ನಿಲ್ಲಿ.

ಮನೆಯ ನೊವೆಂ (ಹೊಸ ಅಕ್ಕಿಯ) ಊಟವನ್ನೂ ಬಿಡಬೇಡಿ. ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮಾಡಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಬಾಳೆ ಎಲೆಯ ಮೇಲೆ ತರಕಾರಿ ಪದಾರ್ಥ ಮಾತ್ರ, ಅದೂ ಬೆಸಸಂಖ್ಯೆಯಲ್ಲಿ. ಚಿತ್ರ ತೆಗೆಯುವುದಾದರೆ ಪ್ರಾರ್ಥನೆಯ ಮೊದಲು ಎಲೆಯದ್ದು, ಕಾಳು ಹಂಚುವಾಗ ಒಂದು, ಅಷ್ಟೇ. ಆಮೇಲೆ ಊಟಕ್ಕೆ ಕೂತುಕೊಳ್ಳಿ.

ಹೊಸ ಲೆನ್ಸ್

ತುಂಬಾ ಉಪಕಾರ. ಎರಡು ಪ್ರಶ್ನೆ ಉಳಿದಿದೆ. ತಂಡದ ಉಳಿದವರ ಹತ್ತಿರ ಮೊಬೈಲ್ ಮಾತ್ರ ಇರುವುದು, ಅವರಿಗೆ ಎಂತ ಹೇಳಲಿ? ಮತ್ತೆ ಹಬ್ಬದ ಬಲಿಪೂಜೆಯಲ್ಲಿ ಕ್ಯಾಮೆರಾ ಹಿಡಿದಿದ್ದರೆ ಪೂಜೆಯಲ್ಲಿ ಭಾಗವಹಿಸಿದ ಹಾಗಾಗುತ್ತದಾ?

ಬೆಳ್ಮಣ್ ರಸ್ತೆ

ಮೊಬೈಲಿನವರಿಗೆ: ಫ್ಲ್ಯಾಶ್ ಆಫ್, ಸ್ಕ್ರೀನಿನ ಹೊಳಪು ಕಡಿಮೆ, ನೈಟ್ ಮೋಡ್ ಆಫ್. ನೈಟ್ ಮೋಡ್ ಒಂದರಿಂದ ಮೂರು ಸೆಕೆಂಡು ಬೆಳಕು ಕೂಡಿಸುತ್ತದೆ, ನಡೆಯುವವರೆಲ್ಲ ನೆರಳಿನಂತಾಗುತ್ತಾರೆ. ಮೊಂಬತ್ತಿಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆರಳು ಕೆಳಗೆ ಎಳೆದು ಬೆಳಕು ತಗ್ಗಿಸಿ. ಡಿಜಿಟಲ್ ಜೂಮ್ ಬೇಡವೇ ಬೇಡ. ತಲೆಯ ಮೇಲೆ ಎತ್ತಿ ಹಿಡಿಯಬಾರದು. ಹಿಂದಿನ ಹತ್ತು ಸಾಲಿನವರಿಗೆ ಬಲಿಪೀಠ ಕಾಣುವ ಬದಲು ಹೊಳೆಯುವ ಸ್ಕ್ರೀನು ಕಾಣುತ್ತದೆ.

ಇಗರ್ಜಿ ಗಂಟೆ

ಎರಡನೇ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನನ್ನ ಅಭಿಪ್ರಾಯ: ಹಬ್ಬದ ದಿನ ಬೆಳಗಿನ ಸಣ್ಣ ಬಲಿಪೂಜೆಗೆ ಕ್ಯಾಮೆರಾ ಇಲ್ಲದೆ ಹೋಗಿ, ದೊಡ್ಡ ಪೂಜೆಯಲ್ಲಿ ಕೆಲಸ ಮಾಡಿ. ಎರಡನೇ ಪೂಜೆಯಲ್ಲೂ ನಿಜವಾಗಿ ಭಾಗವಹಿಸಿದರೆ ಪರಮಪ್ರಸಾದ ಸ್ವೀಕರಿಸಬಹುದು, ಧರ್ಮಸಭೆಯ ಕಾನೂನಿನ 917ನೇ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ 919ನೇ ವಿಧಿಯ ಒಂದು ಗಂಟೆಯ ಉಪವಾಸ ಎರಡಕ್ಕೂ ಉಂಟು. ನೀರು, ಔಷಧ ತೆಗೆದುಕೊಳ್ಳಬಹುದು. ಸ್ವಯಂಸೇವಕರಿಗೆ ಕೊಡುವ ಚಹಾ ತಿಂಡಿಯ ಸಮಯ ನೋಡಿಕೊಳ್ಳಿ.

ಪೂಜೆಯೊಳಗೆ ತೆಗೆಯಬಹುದಾದದ್ದು: ಪ್ರವೇಶದ ಮೆರವಣಿಗೆ, ವಾಚನ, ಪ್ರಬೋಧನೆಯ ಮೊದಲ ಎರಡು ನಿಮಿಷ, ಕಾಣಿಕೆ ತರುವುದು, ಕೊನೆಗೆ ದಾನಿಗಳಿಗೆ ಮೊಂಬತ್ತಿ ಕೊಡುವುದು. “ಪವಿತ್ರ, ಪವಿತ್ರ” ಗೀತೆ ಶುರುವಾದಲ್ಲಿಂದ ಪರಲೋಕದ ಪ್ರಾರ್ಥನೆಯವರೆಗೆ ಇದ್ದಲ್ಲೇ ಇರಿ, ಗಂಟೆ ಬಾರಿಸುವಾಗ ಕ್ಯಾಮೆರಾ ಮುಟ್ಟಬೇಡಿ. ಜನ ಪರಮಪ್ರಸಾದ ಸ್ವೀಕರಿಸುವ ಮುಖಗಳನ್ನು ತೆಗೆಯಬೇಡಿ. ಪಾಪನಿವೇದನೆಯ ಸಾಲನ್ನಂತೂ ದೂರದಿಂದಲೂ ಬೇಡ.

ಶುಭ ಶುಕ್ರವಾರ ಇನ್ನೂ ಕಟ್ಟುನಿಟ್ಟು. ಅಂದು ಬಲಿಪೂಜೆ ಇಲ್ಲ. ಗುರುವಾರದ ಗ್ಲೋರಿಯಾದ (ಮಹಿಮಾಗೀತೆಯ) ನಂತರ ಈಸ್ಟರ್ ಜಾಗರಣೆಯ ಗ್ಲೋರಿಯಾದವರೆಗೆ ಗಂಟೆಯೂ ಇಲ್ಲ, ಮರದ ಹಲಗೆ ಬಡಿಯುವ ಸದ್ದು ಮಾತ್ರ. ಆ ಮೌನದಲ್ಲಿ ಶಟರಿನ ಸದ್ದು ಕೇಳಿಸಿದರೆ ಅದು ತಪ್ಪೇ. ಶಿಲುಬೆಹಾದಿಯ 14 ಸ್ಥಳಗಳಿಗೆ 14 ಚಿತ್ರ ಬೇಕು ಅಂತ ಹಠ ಬೇಡ, ನಾಲ್ಕೈದು ಸ್ಥಳಗಳಲ್ಲಿ ತೆಗೆದು ಉಳಿದವುಗಳಲ್ಲಿ ಮೊಣಕಾಲೂರಿ.

ಕಲ್ಯಾಣಪುರದವ

ಮಳೆಗಾಲದ ಹಬ್ಬಗಳಿಗೆ ಒಂದು ಮಾತು, ಜೂನ್ 13ರ ಸಂತ ಅಂತೋನಿ, ಆಗಸ್ಟ್ 15ರ ಉಡುಪಿ ಕಲ್ಮಾಡಿಯ ವೆಲಂಕಣಿ ಮಾತೆ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಮಂಜಾಗುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ಬ್ಯಾಗ್ ಮುಚ್ಚಿಯೇ ಇಟ್ಟು 20ರಿಂದ 30 ನಿಮಿಷ ಕಾಯಬೇಕು. ಬೇಗ ಬಂದು ಒಂದು ಜಪಸರ ಮುಗಿಸುವಷ್ಟು ಹೊತ್ತು ಅದು. ಮನೆಗೆ ಹೋದ ಮೇಲೆ ಒದ್ದೆ ಬ್ಯಾಗಿನಲ್ಲೇ ಬಿಟ್ಟರೆ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಮಾಪಕ, 40ರಿಂದ 50 ಶೇಕಡಾ. 30ಕ್ಕಿಂತ ಕೆಳಗೆ ಹೋದರೆ ರಬ್ಬರ್ ಒಣಗುತ್ತದೆ.

ಮಲ್ಲಿಗೆ ಮೊಗ್ಗು

ಫೋಟೋ ಹಂಚುವ ವಿಷಯವೂ ಉಂಟು. ಮಕ್ಕಳ ಹತ್ತಿರದ ಚಿತ್ರ ಹೊರಗೆ ಹಾಕುವ ಮೊದಲು ತಂದೆತಾಯಿಯ ಒಪ್ಪಿಗೆ ಬೇಕು. ನೊವೆನಾದ ಮೊದಲ ದಿನವೇ ಧರ್ಮೋಪದೇಶದ ಶಿಕ್ಷಕರ ಮೂಲಕ ಕೇಳಿದರೆ ಸುಲಭ. ಮಗುವಿನ ಹೆಸರು, ಶಾಲೆ ಬರೆಯಬೇಡಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಇಗರ್ಜಿಯ ಪತ್ರಿಕೆಯಲ್ಲಿ ಮುದ್ರಿಸಲು ಆಗುವುದಿಲ್ಲ. ಮೂಲ ಫೈಲುಗಳ ಒಂದು ಪ್ರತಿ ಇಗರ್ಜಿಯ ಕಚೇರಿಗೆ ಕೊಡಿ, ಫೋಲ್ಡರಿನ ಹೆಸರಲ್ಲಿ ವರ್ಷ, ತಿಂಗಳು, ದಿನ ಮೊದಲು ಬರಲಿ.

ಹೊಸ ಲೆನ್ಸ್

ಕೊನೆಯದೊಂದು. ಮೆರವಣಿಗೆ ಮುಗಿದು ರೊಸಾರಿಯೊದಲ್ಲಿ ಕೊಡುವ ಆಶೀರ್ವಾದದ ಚಿತ್ರ ಬೇಕೇ ಬೇಕು ಅಂತ ತಂಡದಲ್ಲಿ ಹೇಳುತ್ತಾರೆ. ಅದೇ ಹೊತ್ತಿಗೆ ಮೊಣಕಾಲೂರಬೇಕು. ಎಂತ ಮಾಡುವುದು?

ಇಗರ್ಜಿ ಗಂಟೆ

ಆಶೀರ್ವಾದದ ಮೊದಲು ಒಂದು ಗೀತೆ, ಅದರ ನಡುವೆ ಧೂಪ, ಆಮೇಲೆ ಗುರುಗಳ ಒಂದು ಪ್ರಾರ್ಥನೆ. ನಂತರ ಭುಜಕ್ಕೆ ವಸ್ತ್ರ ಹೊದೆಸುತ್ತಾರೆ, ಮಾನ್‌ಸ್ಟ್ರೆನ್ಸ್ ಎತ್ತಿ ಶಿಲುಬೆಯ ಗುರುತು ಮಾಡುತ್ತಾರೆ. ಧೂಪ ಹಾಕುವಾಗಿನ ಚಿತ್ರ ಸುಲಭ, ಅದು ನಿಮ್ಮದು. ಮೊಣಕಾಲೂರಿಕೊಂಡೇ ತೆಗೆಯಿರಿ. ವಸ್ತ್ರ ಹೊದೆಸಿದ ಕೂಡಲೇ ಕ್ಯಾಮೆರಾ ಕೆಳಗಿಡಿ. 1973ರ ವಿಧಿಪುಸ್ತಕದ ಪ್ರಕಾರ ಪರಮಪ್ರಸಾದಕ್ಕೆ ವಂದಿಸುವಾಗ ಒಂದು ಮೊಣಕಾಲೂರಿದರೆ ಸಾಕು, ನಮ್ಮಲ್ಲಿ ಹಿರಿಯರು ಎರಡನ್ನೂ ಊರುತ್ತಾರೆ.

ಎತ್ತಿದ ಕ್ಷಣದ ಚಿತ್ರಕ್ಕೆ ಅನುಮತಿ ಇದ್ದರೆ ತಂಡದ ಒಬ್ಬರು ಮೊದಲೇ ಬಾಲ್ಕನಿಯಲ್ಲಿ, ಅಥವಾ ಅಂಗಳದಲ್ಲಿ ನಡೆಯುವುದಾದರೆ ಜನರ ಹಿಂದೆ, ಕ್ಯಾಮೆರಾವನ್ನು ಟ್ರೈಪಾಡಿಗೆ ಕಟ್ಟಿ, ಚೌಕಟ್ಟು ಮತ್ತು ಫೋಕಸ್ ಲಾಕ್ ಮಾಡಿ ಇಡಲಿ. ಸದ್ದಿಲ್ಲದ ಶಟರ್, 1/100, ಎರಡು ಸೆಕೆಂಡಿಗೊಂದರಂತೆ ತಾನೇ ತೆಗೆಯುವ ಇಂಟರ್ವಲ್ ಟೈಮರ್. ಪ್ರಾರ್ಥನೆ ಶುರುವಾಗುವಾಗ ಗುಂಡಿ ಒತ್ತಿ ಅವರೂ ಮೊಣಕಾಲೂರಲಿ. ಗಂಟೆ ನಿಂತ ಮೇಲೆ ಎದ್ದು ಆಫ್ ಮಾಡಿದರೆ ಆಯಿತು.

ಹೊಸ ಲೆನ್ಸ್

ಬಾಲ್ಕನಿಯ ಅನುಮತಿಗೆ ಇವತ್ತೇ ಗುರುಗಳ ಹತ್ತಿರ ಕೇಳುತ್ತೇನೆ. ದೇವ್ ಬರೆಂ ಕರುಂ (ಧನ್ಯವಾದ).